ಅಪ್ಪ ಅಮ್ಮನನ್ನು ಆಲ್ಪ್ಸ್ ಬೆಟ್ಟದ ಹ್ಯುಟ್ಟೆಯಲ್ಲಿ ಒಂದು ರಾತ್ರಿ ಮಲಗಿಸಬಹುದೇ?

ಇಸಾರ್_ದಂಡೆ

ಎಲ್ಲರಿಗೂ ನಮಸ್ಕಾರ. ಈ ಬೇಸಿಗೆಯಲ್ಲಿ ಹಾಸನದಿಂದ ಅಪ್ಪ ಅಮ್ಮ ಮೂರು ತಿಂಗಳ ಮಟ್ಟಿಗೆ ಮ್ಯೂನಿಕ್‌ಗೆ ಬಂದಿದ್ದಾರೆ. ಅಪ್ಪನಿಗೆ 66 ವರ್ಷ, ಅಮ್ಮನಿಗೆ 61. ಇಬ್ಬರಿಗೂ ನಡೆದು ಅಭ್ಯಾಸವಿದೆ. ಶ್ರವಣಬೆಳಗೊಳದ ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಅಮ್ಮ ಈಗಲೂ ನಡುವೆ ಒಂದೇ ಒಂದು ಸಲ ಕುಳಿತು ಹತ್ತುತ್ತಾರೆ. ಅರಮನೆ, ಸರೋವರ, ಸಾಲ್ಜ್‌ಬರ್ಗ್ ಎಲ್ಲವನ್ನೂ ತೋರಿಸಿ ಮುಗಿಯಿತು. ಪ್ರತಿ ಶನಿವಾರ ಬೆನ್ನುಚೀಲ ಹೊತ್ತು ರೈಲು ಹತ್ತುವ ಜನರನ್ನು ನೋಡಿದ ಅಪ್ಪ, ‘ಇವರೆಲ್ಲ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ನಮ್ಮನ್ನೂ ಒಂದು ಸಲ ಕರೆದುಕೊಂಡು ಹೋಗು’ ಎಂದು ಹಟ ಹಿಡಿದಿದ್ದಾರೆ.

ಗಾರ್ಮಿಶ್‌ನಿಂದ ತ್ಸುಗ್‌ಸ್ಪಿಟ್ಸೆ ಶಿಖರಕ್ಕೆ ಹೋಗುವ ಹಳೆಯ ದಾರಿಯಲ್ಲಿ, 1369 ಮೀಟರ್ ಎತ್ತರದಲ್ಲಿರುವ ರೈನ್‌ಟಾಲ್‌ಆಂಗರ್ ಹ್ಯುಟ್ಟೆಯಲ್ಲಿ (ಹ್ಯುಟ್ಟೆ ಎಂದರೆ ಚಾರಣಿಗರು ತಂಗುವ ಬೆಟ್ಟದ ಮನೆ) ಒಂದು ರಾತ್ರಿ ತಂಗುವ ಯೋಚನೆ ಮಾಡಿದ್ದೇನೆ. ನಾನು ಹಗಲಿನಲ್ಲಿ ಬೆಟ್ಟ ಹತ್ತಿ ಇಳಿದಿದ್ದೇನೆಯೇ ಹೊರತು ರಾತ್ರಿ ಅಲ್ಲಿ ತಂಗಿದವನಲ್ಲ. ಅಪರಿಚಿತರ ನಡುವೆ ಸಾಲಾಗಿ ಮಲಗಬೇಕಂತೆ, ಸ್ನಾನಕ್ಕೆ ನೀರು ಸಿಗುವುದೇ ಅನುಮಾನವಂತೆ, ಶೌಚಾಲಯ ಕೋಣೆಯಿಂದ ದೂರವಂತೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಂಥಲ್ಲಿಗೆ ಅವರನ್ನು ಕರೆದೊಯ್ಯುವುದು ಪ್ರೀತಿಯೋ ಹಿಂಸೆಯೋ ಎಂಬುದು ನನಗೆ ತಿಳಿಯುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ಮುಚ್ಚುಮರೆಯಿಲ್ಲದೆ ಹೇಳಿ.

ಗುಡ್ಡದ_ಗಾಳಿ

ನಿಮ್ಮ ಯೋಚನೆ ಒಳ್ಳೆಯದು, ಆದರೆ ಆರಿಸಿಕೊಂಡ ಹ್ಯುಟ್ಟೆ ಮೊದಲ ಸಲಕ್ಕೆ ಸರಿಯಲ್ಲ. ಗಾರ್ಮಿಶ್‌ನ ಸ್ಕೀ ಕ್ರೀಡಾಂಗಣದಿಂದ ಅಲ್ಲಿಗೆ ಸುಮಾರು 15 ಕಿಲೋಮೀಟರ್ ದೂರವಿದ್ದು, ನಿಮ್ಮಂಥವರಿಗೇ ಐದು ಗಂಟೆ ಬೇಕು; ಅಪ್ಪ ಅಮ್ಮನ ಜೊತೆ ಆರೂವರೆ ಎಂದಿಟ್ಟುಕೊಳ್ಳಿ. ದಾರಿ ಕಡಿದಾಗಿಲ್ಲ ಎಂಬುದು ನಿಜವೇ. ಆದರೆ ಮರುದಿನ ಅಷ್ಟನ್ನೇ ಮತ್ತೆ ನಡೆದು ಇಳಿಯಬೇಕು, ನಡುವೆ ಬಸ್ಸೂ ಇಲ್ಲ, ಕೇಬಲ್ ಕಾರೂ ಇಲ್ಲ. ಶಿಖರದ ಕೇಬಲ್ ಕಾರ್ ಹಿಡಿಯುವುದಾದರೆ ಹ್ಯುಟ್ಟೆಯಿಂದ ಇನ್ನೂ ಸಾವಿರ ಮೀಟರಿಗೂ ಹೆಚ್ಚು ಮೇಲೇರಬೇಕಾಗುತ್ತದೆ.

ಆ ದಾರಿಯ ಆರಂಭದಲ್ಲಿರುವ ಪಾರ್ಟ್ನಾಖ್ ಕಮರಿಯನ್ನು ಮಾತ್ರ ಒಂದು ಹಗಲು ತೋರಿಸಿ ಬನ್ನಿ. ಬಂಡೆಯನ್ನು ಕೊರೆದು ಮಾಡಿದ ಏಳುನೂರು ಮೀಟರ್ ಉದ್ದದ ಆ ಕಾಲುದಾರಿಯಲ್ಲಿ, ತಲೆಯ ಮೇಲೆ ನೀರು ತೊಟ್ಟಿಕ್ಕುತ್ತಿರುವಾಗ ಯಾರಿಗೂ ವಯಸ್ಸು ನೆನಪಾಗುವುದಿಲ್ಲ. ರಾತ್ರಿ ತಂಗುವುದಕ್ಕೆ ಲೆಂಗ್‌ಗ್ರೀಸ್ ಊರಿನ ಮೇಲಿರುವ ಲೆಂಗ್‌ಗ್ರೀಸರ್ ಹ್ಯುಟ್ಟೆ ವಾಸಿ. ಅದೂ 1338 ಮೀಟರ್ ಎತ್ತರದಲ್ಲಿದೆ, ಆದರೆ ರೈಲು ನಿಲ್ದಾಣದಿಂದ ಎರಡೂವರೆ ಗಂಟೆಯ ನಡಿಗೆ. ನಿಮ್ಮ ಅಮ್ಮ ಮೂರು ಗಂಟೆ ತೆಗೆದುಕೊಂಡರೂ ಮಧ್ಯಾಹ್ನದ ಕಾಫಿಗೆ ಅಲ್ಲಿರುತ್ತೀರಿ.

ಲೆಕ್ಕದ_ಪುಸ್ತಕ

ಶನಿವಾರ ಮಾತ್ರ ಬೇಡ, ಮಂಗಳವಾರವೋ ಬುಧವಾರವೋ ಹೋಗಿ. ಉಳಿದ ಅರ್ಧ ತೊಂದರೆಗಳು ತಾವಾಗಿಯೇ ಕರಗುತ್ತವೆ.

ನೀಲಿ_ಜಮಖಾನ

ಸಾಲಾಗಿ ಮಲಗುವ ವಿಚಾರ ಕೇಳಿದಿರಿ. ಇಲ್ಲಿಯವರು ಅದನ್ನು ‘ಲಾಗರ್’ ಎನ್ನುತ್ತಾರೆ. ಮಂಡಿಯೆತ್ತರದ ಉದ್ದನೆಯ ಹಲಗೆಯ ಜಗಲಿ, ಅದರ ಮೇಲೆ ಒಂದಕ್ಕೊಂದು ತಾಗಿದ ಹಾಸಿಗೆಗಳು, ಪ್ರತಿ ಹಾಸಿಗೆಗೂ ಒಂದು ಸಂಖ್ಯೆ, ತಲೆಯ ಬಳಿ ಒಂದು ಮೊಳೆ. ನಮ್ಮ ಮದುವೆ ಮನೆಗಳಲ್ಲಿ ಹಿಂದಿನ ರಾತ್ರಿ ಛತ್ರದ ಹಾಲಿನಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗುತ್ತಿದ್ದೆವಲ್ಲ, ಅದೇ. ವ್ಯತ್ಯಾಸವೆಂದರೆ ಇಲ್ಲಿ ಗಂಡಸರು ಹೆಂಗಸರು ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಕೋಣೆಯಲ್ಲಿರುತ್ತಾರೆ. ಅಮ್ಮನನ್ನು ಗೋಡೆಯ ಪಕ್ಕದ ಹಾಸಿಗೆಯಲ್ಲಿ ಮಲಗಿಸಿ, ಪಕ್ಕದಲ್ಲಿ ಅಪ್ಪ, ಆಮೇಲೆ ನೀವು ಮಲಗಿದರೆ ಚಿಂತೆ ತೀರಿತು. ಎರಡು ಅಥವಾ ನಾಲ್ಕು ಹಾಸಿಗೆಗಳ ಸಣ್ಣ ಕೋಣೆಗಳೂ ಹಲವು ಹ್ಯುಟ್ಟೆಗಳಲ್ಲಿವೆ, ಆದರೆ ಅವು ತಿಂಗಳುಗಟ್ಟಲೆ ಮೊದಲೇ ಖಾಲಿಯಾಗಿರುತ್ತವೆ.

ಒಂದು ಸಣ್ಣ ಸಂಗತಿ. ಅಲ್ಲಿ ಕೊಡುವ ಉಣ್ಣೆಯ ಕಂಬಳಿಯನ್ನು ಬಿಡಿಸಿ ನೋಡಿ, ಅನೇಕ ಕಡೆ ಅದರ ಒಂದು ತುದಿಯಲ್ಲಿ ‘ಕಾಲಿನ ಕಡೆ’ ಎಂದು ಜರ್ಮನ್ ಭಾಷೆಯಲ್ಲಿ ನೇಯ್ದಿರುತ್ತಾರೆ. ನಿನ್ನೆ ಯಾರದೋ ಪಾದ ತಾಗಿದ ತುದಿ ಇಂದು ನಿಮ್ಮ ಮುಖಕ್ಕೆ ಬರಬಾರದೆಂಬುದು ಅದರ ಉದ್ದೇಶ. ಕಂಬಳಿಯನ್ನು ದಿನವೂ ಒಗೆಯಲಾಗದು, ಆದ್ದರಿಂದ ಪ್ರತಿಯೊಬ್ಬರೂ ತೆಳುವಾದ ಬಟ್ಟೆಯ ಮಲಗುವ ಚೀಲವನ್ನು ತರುವುದು ಕಡ್ಡಾಯ. ಮೊದಲ ಸಲ ಇದನ್ನೆಲ್ಲ ವಿವರಿಸಿದಾಗ ನಮ್ಮ ಅತ್ತೆ, ‘ಹಾಗಾದರೆ ಇವರಿಗೂ ಮಡಿ ಮೈಲಿಗೆ ಗೊತ್ತು ಅನ್ನು’ ಎಂದಿದ್ದರು.

ಒಗ್ಗರಣೆ_ಸದ್ದು

ಊಟದ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಜನರು ಎಡವುವುದು ಇಲ್ಲೇ. ‘ಸಸ್ಯಾಹಾರ’ ಎಂದು ಪಟ್ಟಿಯಲ್ಲಿ ಬರೆದಿದ್ದರೆ ಅದರಲ್ಲಿ ಮಾಂಸವಿಲ್ಲ ಎಂದಷ್ಟೇ ಅರ್ಥ, ಮೊಟ್ಟೆಯಿಲ್ಲ ಎಂದಲ್ಲ. ಚೀಸ್ ಹಾಕಿದ ಸ್ಪೆಟ್ಸ್‌ಲೆ ಎಂಬ ಶ್ಯಾವಿಗೆಯಂಥ ತಿನಿಸು ಮೊಟ್ಟೆಯ ಹಿಟ್ಟಿನದು. ಬ್ರೆಡ್ಡಿನ ಉಂಡೆಗಳಾದ ಕ್ನೋಡೆಲ್‌ಗೆ ಅಂಟು ಬರುವುದೇ ಮೊಟ್ಟೆಯಿಂದ. ಕೈಸರ್‌ಶ್ಮಾರ್ನ್ ಎಂಬ ಸಿಹಿ ದೋಸೆಯ ಚೂರುಗಳಲ್ಲಂತೂ ಮೊಟ್ಟೆಯೇ ಯಜಮಾನ. ಬೇಳೆಯ ಸೂಪು ಕಂಡು ‘ಅಬ್ಬಾ, ಸಾರು ಸಿಕ್ಕಿತು’ ಎಂದು ಹಿಗ್ಗಿದವರಿಗೆ ಅದರ ತಳದಲ್ಲಿ ಹಂದಿಮಾಂಸದ ಚೂರು ಸಿಕ್ಕ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ಆ ಸಂಜೆ ನನ್ನ ಭಾವ ಮಾತಾಡಲಿಲ್ಲ.

ಆದ್ದರಿಂದ ಮುಂಗಡ ಕಾದಿರಿಸುವಾಗಲೇ ‘ವೀಗನ್ ಊಟ ಇದೆಯೇ’ ಎಂದು ಕೇಳಿ. ಆ ಒಂದು ಪದ ಮೊಟ್ಟೆಯನ್ನೂ ಹೊರಗಿಡುತ್ತದೆ. ಹಾಲು ಬೆಣ್ಣೆಯನ್ನು ಆಮೇಲೆ ನೀವೇ ಕೇಳಿ ಸೇರಿಸಿಕೊಳ್ಳಬಹುದು. ಏನೂ ಇಲ್ಲದಿದ್ದರೂ ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಬೆಣ್ಣೆ, ಎಲೆಕೋಸಿನ ಸಲಾಡ್ ಇದ್ದೇ ಇರುತ್ತವೆ. ಚಟ್ನಿಪುಡಿಯ ಡಬ್ಬಿಯೊಂದು ಚೀಲದಲ್ಲಿದ್ದರೆ ಆಲೂಗಡ್ಡೆಯೇ ಹಬ್ಬದೂಟ.

ಸಿಡುಕು_ಮೋರೆ

ನನ್ನ ಪ್ರಶ್ನೆ ಬೇರೆಯೇ. ಸ್ನಾನವಿಲ್ಲ, ಮೊಬೈಲ್ ಸಿಗ್ನಲ್ ಇಲ್ಲ, ಅಪರಿಚಿತರ ಗೊರಕೆ ಕೇಳಬೇಕು, ರಾತ್ರಿ ಹತ್ತಕ್ಕೆ ದೀಪ ಆರಿಸಬೇಕು, ಇಷ್ಟೆಲ್ಲಕ್ಕೂ ಹಣ ಬೇರೆ ಕೊಡಬೇಕು. ಅದೇ ಹಣಕ್ಕೆ ಇನ್ನಷ್ಟು ಸೇರಿಸಿದರೆ ಗಾರ್ಮಿಶ್‌ನಲ್ಲಿ ಬಿಸಿನೀರಿರುವ ಕೋಣೆ ಸಿಗುತ್ತದೆ, ಕಿಟಕಿಯಿಂದ ಅದೇ ಬೆಟ್ಟ ಕಾಣುತ್ತದೆ. ಬಡತನವನ್ನು ದುಡ್ಡು ಕೊಟ್ಟು ಅನುಭವಿಸುವ ಈ ಷೋಕಿ ನನಗಂತೂ ಅರ್ಥವಾಗಿಲ್ಲ. ನಮ್ಮ ತಂದೆತಾಯಿ ಅದನ್ನೆಲ್ಲ ಪುಕ್ಕಟೆಯಾಗಿ ಅನುಭವಿಸಿ ದಾಟಿ ಬಂದವರು.

ಗುಡ್ಡದ_ಗಾಳಿ

@ಸಿಡುಕು_ಮೋರೆ, ಕೊನೆಯ ವಾಕ್ಯ ಚುರುಕಾಗಿದೆ, ಒಪ್ಪುತ್ತೇನೆ. ಆದರೆ ಅದು ಬಡತನದ ಷೋಕಿಯಲ್ಲ, ಜಾಗದ ಕಟ್ಟುಪಾಡು. ಈ ಭಾಗದ ಬೆಟ್ಟಗಳು ಬಹುಪಾಲು ಸುಣ್ಣದಕಲ್ಲಿನವು. ಸುರಿದ ಮಳೆ ಬಿರುಕುಗಳಲ್ಲಿ ಇಳಿದು ಎಲ್ಲೋ ಕೆಳಗಿನ ಕಣಿವೆಯಲ್ಲಿ ಚಿಲುಮೆಯಾಗಿ ಏಳುತ್ತದೆ. ಮೇಲಿರುವ ಮನೆಗೆ ನೀರಿಲ್ಲ. ಎಷ್ಟೋ ಹ್ಯುಟ್ಟೆಗಳು ಮಾಡಿನ ಮೇಲೆ ಬಿದ್ದ ನೀರನ್ನೂ ಕರಗಿದ ಹಿಮವನ್ನೂ ತೊಟ್ಟಿಯಲ್ಲಿ ಹಿಡಿದಿಟ್ಟು ಬೇಸಿಗೆ ಕಳೆಯುತ್ತವೆ. ಹಿಟ್ಟು, ಅಡುಗೆ ಅನಿಲ, ಬಿಯರ್ ಎಲ್ಲವೂ ಸರಕು ಸಾಗಿಸುವ ಹಗ್ಗದ ತೊಟ್ಟಿಲಲ್ಲಿ ಏರಿ ಬರಬೇಕು, ಕಸ ಅದರಲ್ಲೇ ಇಳಿಯಬೇಕು. ಅಂಥಲ್ಲಿ ಐವತ್ತು ಜನ ದಿನವೂ ಸ್ನಾನ ಮಾಡುತ್ತೇವೆಂದರೆ ಆ ನೀರನ್ನು ಯಾರು ಹೊರಬೇಕು?

ಹತ್ತು ಗಂಟೆಯ ನಿಯಮಕ್ಕೂ ಕಾರಣವಿದೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗುಡುಗು ಸಿಡಿಲು ಸಾಮಾನ್ಯ. ಶಿಖರಕ್ಕೆ ಹೋಗುವವರು ಅಷ್ಟರೊಳಗೆ ಇಳಿದಿರಬೇಕಾದರೆ ನಸುಕಿನ ಐದಕ್ಕೆ ಏಳಬೇಕು.

ಝೂರಿಕ್_ಕಿಟಕಿ

ಒಂದು ತಿದ್ದುಪಡಿ. ಹಗ್ಗದ ತೊಟ್ಟಿಲು ಎಲ್ಲ ಕಡೆ ಇಲ್ಲ. ಇಲ್ಲಿ ಸ್ವಿಟ್ಜರ್ಲೆಂಡಿನ ಎತ್ತರದ ಹ್ಯುಟ್ಟೆಗಳಿಗೆ ಸಾಮಾನು ಹೆಲಿಕಾಪ್ಟರಿನಲ್ಲೇ ಬರುತ್ತದೆ, ಹಾಗಾಗಿಯೇ ಒಂದು ಬಾಟಲಿ ನೀರಿನ ಬೆಲೆ ಕೇಳಿದರೆ ಬಾಯಾರಿಕೆ ಇಂಗಿ ಹೋಗುತ್ತದೆ.

ಜಾಗದ ಕಟ್ಟುಪಾಡು ಎಂದಿರಲ್ಲ, ಅದಕ್ಕೊಂದು ಉದಾಹರಣೆ. ಅಲೆಟ್ಶ್ ಹಿಮನದಿಯ ಪಕ್ಕದಲ್ಲಿ, 2850 ಮೀಟರ್ ಎತ್ತರದಲ್ಲಿ ಕೊಂಕೋರ್ಡಿಯಾ ಹ್ಯುಟ್ಟೆ ಇದೆ. 1877ರಲ್ಲಿ ಅಲ್ಲಿ ಮೊದಲ ಮನೆ ಕಟ್ಟಿದಾಗ ಹಿಮದ ಮಟ್ಟ ಸ್ವಲ್ಪವೇ ಕೆಳಗಿತ್ತು. ಆಮೇಲೆ ಹಿಮ ಕರಗುತ್ತ ಕುಸಿಯುತ್ತ ಹೋಯಿತು, ಮನೆ ಬಂಡೆಯ ಮೇಲೆ ಹಾಗೇ ಉಳಿಯಿತು. ಈಗ ಹಿಮದಿಂದ ಮನೆಗೆ ಹೋಗಲು ಬಂಡೆಗೆ ಬಡಿದ ಕಬ್ಬಿಣದ ಮೆಟ್ಟಿಲುಗಳನ್ನು ಹತ್ತಬೇಕು. ಅವು ನಾನೂರಕ್ಕೂ ಹೆಚ್ಚಿವೆ, ಪ್ರತಿ ಕೆಲವು ವರ್ಷಕ್ಕೊಮ್ಮೆ ಕೆಳಗೆ ಇನ್ನಷ್ಟು ಜೋಡಿಸುತ್ತಾರೆ. ದಿನವಿಡೀ ಹಿಮದ ಮೇಲೆ ನಡೆದು ಬಂದು ಆ ಮೆಟ್ಟಿಲುಗಳ ಬುಡದಲ್ಲಿ ನಿಂತು ತಲೆಯೆತ್ತಿದಾಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ. ನಿಮ್ಮ ಅಮ್ಮ ಮಾತ್ರ ದೊಡ್ಡಬೆಟ್ಟದ ಅಭ್ಯಾಸದಲ್ಲಿ ಸುಮ್ಮನೆ ಹತ್ತಿಬಿಡುತ್ತಿದ್ದರೇನೋ.

ಕೊಪ್ಪದ_ಕಾಫಿ

ಊರಿನಿಂದ ಬರೆಯುತ್ತಿದ್ದೇನೆ, ವಿದೇಶದ ಬೆಟ್ಟ ಕಂಡವನಲ್ಲ. ಆದರೆ ಇದನ್ನೆಲ್ಲ ಓದುತ್ತಿದ್ದರೆ ಕುಮಾರ ಪರ್ವತದ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ ನೆನಪಾಗುತ್ತದೆ. ಕಾಲೇಜಿನ ದಿನಗಳಲ್ಲಿ ಕುಕ್ಕೆಯಿಂದ ಕಾಡಿನ ದಾರಿ ಹತ್ತಿ, ಅಂಗಿ ಹಿಂಡಿದರೆ ನೀರು ಇಳಿಯುವ ಸ್ಥಿತಿಯಲ್ಲಿ ಅಲ್ಲಿಗೆ ತಲುಪಿದ್ದೆವು. ಅನ್ನ, ಸಾಂಬಾರು, ಉಪ್ಪಿನಕಾಯಿ, ನೀರು ಮಜ್ಜಿಗೆ. ಎಷ್ಟು ಸಲ ಬಡಿಸಿದರೋ ಲೆಕ್ಕವಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ ಮಲಗಿದೆವು, ಸ್ನಾನದ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಆಗ ಹೇಳದೆ ಕೇಳದೆ ಎಷ್ಟು ಜನ ಬಂದರೂ ಬೆಟ್ಟ ಹತ್ತಬಹುದಿತ್ತು. 2024ರಲ್ಲಿ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್ ತಂದು ದಿನಕ್ಕೆ 300 ಜನರ ಮಿತಿ ಹಾಕಿತು, ಅದು ಬೇಕಾಗಿತ್ತು ಕೂಡ.

ಇನ್ನೊಂದು ಮಾತು. ಕುಮಾರ ಪರ್ವತ 1712 ಮೀಟರ್, ನಿಮ್ಮ ಹ್ಯುಟ್ಟೆಗಳು 1338, 1369. ಹಾಗಿದ್ದ ಮೇಲೆ ಇಷ್ಟೊಂದು ಕಂಬಳಿ, ಚೀಲ, ಭಯ ಏಕೆ?

ಅಕ್ಷಾಂಶ_47

@ಕೊಪ್ಪದ_ಕಾಫಿ, ಎತ್ತರವನ್ನು ಅಕ್ಷಾಂಶದ ಜೊತೆ ಸೇರಿಸಿ ಓದಬೇಕು. ಬೆರ್ಖ್ಟೆಸ್‌ಗಾಡೆನ್ ಬಳಿಯ ವಾಟ್ಸ್‌ಮನ್‌ಹೌಸ್ ಎಂಬ ಹ್ಯುಟ್ಟೆ ಇರುವುದು ಸುಮಾರು 1930 ಮೀಟರಿನಲ್ಲಿ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟೇ. ಮುಳ್ಳಯ್ಯನಗಿರಿಯಲ್ಲಿ ಜೂನ್ ತಿಂಗಳೆಂದರೆ ಮಳೆ ಮತ್ತು ಗಾಳಿ. ವಾಟ್ಸ್‌ಮನ್‌ಹೌಸಿನ ಸುತ್ತ ಅದೇ ಜೂನ್‌ನಲ್ಲಿ ಹಿಮದ ತೇಪೆಗಳು ಇನ್ನೂ ಉಳಿದಿರಬಹುದು, ಆಗಸ್ಟಿನಲ್ಲೂ ಒಂದು ರಾತ್ರಿಯಲ್ಲಿ ಹೊಸ ಹಿಮ ಬಿದ್ದು ಬೆಳಗಾಗುವುದುಂಟು. ಈ ಕಾರಣದಿಂದಲೇ ಇಂಥ ಹ್ಯುಟ್ಟೆಗಳಲ್ಲಿ ಬಹುಪಾಲು ಮೇ ಕೊನೆ ಅಥವಾ ಜೂನ್‌ನಿಂದ ಅಕ್ಟೋಬರ್ ಆರಂಭದವರೆಗೆ ಮಾತ್ರ ತೆರೆದಿರುತ್ತವೆ.

ಕೊಪ್ಪದ_ಕಾಫಿ

ಒಪ್ಪಿದೆ. ಜಿಗಣೆ ಇಲ್ಲವಲ್ಲ, ಅಷ್ಟರ ಮಟ್ಟಿಗೆ ನೀವೇ ಪುಣ್ಯವಂತರು.

ಎಡಗಾಲು_ಬೂಟು

ಜಿಗಣೆ ಇಲ್ಲ, ಬೂಟು ಕಳ್ಳರಿದ್ದಾರೆ. ಕಳ್ಳರೆನ್ನುವುದು ತಪ್ಪು, ನಿದ್ದೆಗಣ್ಣಿನವರು.

ಹ್ಯುಟ್ಟೆಯೊಳಗೆ ಬೂಟು ಹಾಕುವಂತಿಲ್ಲ. ಬಾಗಿಲ ಬಳಿಯ ಕೋಣೆಯಲ್ಲಿ ಹಲಗೆಗಳ ಮೇಲೆ ಬಿಟ್ಟು, ಮನೆಯೊಳಗಿನ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬೇಕು. ಇದನ್ನು ಕಂಡು ನನಗೆ ಬಹಳ ಸಂತೋಷವಾಗಿತ್ತು, ಯೂರೋಪಿನಲ್ಲಿ ಕೊನೆಗೂ ಹೊಸ್ತಿಲಿನ ಆಚೆ ಪಾದರಕ್ಷೆ ಬಿಡುವ ಜನ ಸಿಕ್ಕರೆಂದು. ಟಿರೋಲ್ ಪ್ರಾಂತದ ಒಂದು ಹ್ಯುಟ್ಟೆಯಲ್ಲಿ ಹಾಗೆ ಬಿಟ್ಟು ಮಲಗಿದೆ. ಬೆಳಿಗ್ಗೆ ಆರಕ್ಕೆ ಬಂದು ನೋಡಿದರೆ ನನ್ನ ಜಾಗದಲ್ಲಿ ಒಂದು ಜೊತೆ ಬೂಟು ಇದೆ, ಅದೇ ಬಣ್ಣ, ಅದೇ ಕಂಪನಿ. ಕಾಲು ತೂರಿಸಿದರೆ ಹೆಬ್ಬೆರಳು ಮಡಚಿಕೊಂಡಿತು. ಬೂಟಿನ ನಾಲಿಗೆಯ ಒಳಗೆ ನೋಡಿದೆ, 41. ನನ್ನದು 43. ಅಂದರೆ ನನ್ನ ಬೂಟಿನಲ್ಲಿ ಯಾವನೋ ಒಬ್ಬ ನಸುಕಿನಲ್ಲಿ ಎದ್ದು, ಎರಡು ಸೈಜು ಸಡಿಲವಿರುವುದೂ ಗೊತ್ತಾಗದೆ ಬೆಟ್ಟ ಹತ್ತುತ್ತಿದ್ದಾನೆ.

ನಾನು ಚಪ್ಪಲಿಯಲ್ಲೇ ಕುಳಿತು ಏನು ಮಾಡುವುದೆಂದು ಯೋಚಿಸುತ್ತಿರುವಾಗ ಮನೆಯೊಡತಿ ಹ್ಯುಟ್ಟೆಯ ದೊಡ್ಡ ಪುಸ್ತಕ ತಂದು ಮೇಜಿನ ಮೇಲೆ ಬಿಚ್ಚಿದರು. ಬಂದವರೆಲ್ಲ ಹೆಸರು, ಊರು, ಮರುದಿನ ಎಲ್ಲಿಗೆ ಹೋಗುತ್ತೇವೆ ಎಂಬುದನ್ನು ಅದರಲ್ಲಿ ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರಿಗೆ ಮೊದಲ ಸುಳಿವು ಅದೇ. ನಸುಕಿನಲ್ಲಿ ಹೊರಟವರು ಮೂರೇ ತಂಡ. ಎರಡನೆಯ ಫೋನಿಗೇ ಮುಂದಿನ ಹ್ಯುಟ್ಟೆಯವರು ‘ಹೌದು, ಈಗಷ್ಟೇ ಒಬ್ಬರು ಬಂದರು, ಹಿಮ್ಮಡಿ ಪೂರ್ತಿ ಗುಳ್ಳೆ’ ಎಂದರು. ಪುಣ್ಯಾತ್ಮ ಸಂಜೆಯೊಳಗೆ ವಾಪಸು ಬಂದ. ಕ್ಷಮೆ ಕೇಳಿ ಕೈಸರ್‌ಶ್ಮಾರ್ನ್ ಕೊಡಿಸಿದ. ನಾನು ಮೊಟ್ಟೆ ತಿನ್ನುವವನಾದ್ದರಿಂದ ತೊಂದರೆಯಾಗಲಿಲ್ಲ.

ಅಂದಿನಿಂದ ನನ್ನ ಬೂಟಿಗೆ ಕೆಂಪು ದಾರ ಕಟ್ಟುತ್ತೇನೆ.

ಲೆಕ್ಕದ_ಪುಸ್ತಕ

43ರ ಬೂಟು 41ರ ಕಾಲಿಗೆ ಗೊತ್ತಾಗಲಿಲ್ಲ ಎಂದರೆ ಹಿಂದಿನ ರಾತ್ರಿ ಎಷ್ಟು ಬಿಯರ್ ಇಳಿದಿತ್ತು ಎಂಬುದನ್ನೂ ಪುಸ್ತಕದಲ್ಲಿ ಬರೆಸಬೇಕು.

ಸಾಲುಮರ

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ, ಕೆಲವರಿಗೆ ಕೋಪ ಬರಬಹುದು. ಹಾಸಿಗೆ ಕಾದಿರಿಸಿ, ಮಳೆ ಮೋಡ ಕಂಡೊಡನೆ ಒಂದು ಮಾತೂ ತಿಳಿಸದೆ ಹೋಗದೇ ಇರುವುದು ನಮ್ಮವರಲ್ಲಿ ಬಹಳವಾಗಿದೆ. ಕಳೆದ ವರ್ಷ ನಮ್ಮ ಗುಂಪಿನಲ್ಲೇ ಹನ್ನೆರಡು ಹಾಸಿಗೆ ಹಿಡಿದು ಐದು ಜನ ಹೋದರು. ಅತ್ತ ನಾಲ್ವರ ಕುಟುಂಬವೊಂದಕ್ಕೆ ‘ಜಾಗವಿಲ್ಲ’ ಎಂದು ಮೊದಲೇ ಹೇಳಲಾಗಿತ್ತು. ಆ ರಾತ್ರಿ ಏಳು ಹಾಸಿಗೆ ಖಾಲಿ ಬಿದ್ದಿದ್ದವು. ಆತಿಥೇಯರು ಏನೂ ಅನ್ನಲಿಲ್ಲ, ಅದೇ ನಾಚಿಕೆ. ಮೇಲೆ ರಾತ್ರಿ ಹತ್ತೂವರೆಯವರೆಗೆ ಅಂತ್ಯಾಕ್ಷರಿ.

ಒಗ್ಗರಣೆ_ಸದ್ದು

‘ನಮ್ಮವರು’ ಎಂಬ ಪದವನ್ನು ಇಷ್ಟು ಸಲೀಸಾಗಿ ಬಳಸಬೇಡಿ. ಹೇಳದೆ ಕೇಳದೆ ಬರದಿರುವವರು ಎಲ್ಲ ದೇಶದವರೂ ಇದ್ದಾರೆ, ಅದಕ್ಕೇ ಈಗ ಎಷ್ಟೋ ಹ್ಯುಟ್ಟೆಗಳು ಮುಂಗಡ ಹಣ ಪಡೆಯುತ್ತವೆ. ಗದ್ದಲದ ವಿಚಾರಕ್ಕೆ ಬಂದರೆ, ಅಕಾರ್ಡಿಯನ್ ಹಿಡಿದು ಮೇಜು ಕುಟ್ಟುತ್ತ ಹಾಡಿದ ಸ್ಥಳೀಯರನ್ನೂ ನಾನು ನೋಡಿದ್ದೇನೆ.

ಸಾಲುಮರ

ಅವರು ಹತ್ತಕ್ಕೆ ನಿಲ್ಲಿಸಿದರೇ ಇಲ್ಲವೇ?

ಒಗ್ಗರಣೆ_ಸದ್ದು

ನಿಲ್ಲಿಸಿದರು. ಸರಿ, ಆ ಅಂಕ ನಿಮಗೆ.

ಉತ್ತರದ_ದೀಪ

ಓಸ್ಲೋದಿಂದ. ಇಲ್ಲಿಯ ಪದ್ಧತಿ ಕೇಳಿದರೆ @ಸಾಲುಮರ ಇನ್ನೂ ತಲೆ ತಗ್ಗಿಸುತ್ತಾರೆ. 1868ರಲ್ಲಿ ಆರಂಭವಾದ ಇಲ್ಲಿನ ಚಾರಣ ಸಂಘ ಐನೂರಕ್ಕೂ ಹೆಚ್ಚು ಮನೆಗಳನ್ನು ನಡೆಸುತ್ತದೆ, ಅವುಗಳಲ್ಲಿ ಬಹಳಷ್ಟರಲ್ಲಿ ಯಾರೂ ಇರುವುದೇ ಇಲ್ಲ. ಸದಸ್ಯರಿಗೆ ಒಂದು ಕೀಲಿಕೈ ಕೊಡುತ್ತಾರೆ, ಅದೇ ಕೀಲಿ ನೂರಾರು ಮನೆಗಳಿಗೆ ಹೊಂದುತ್ತದೆ. ನೀವೇ ಬೀಗ ತೆಗೆದು, ಒಲೆ ಹೊತ್ತಿಸಿ, ತೊರೆಯಿಂದ ನೀರು ತಂದು, ಉಗ್ರಾಣದಿಂದ ಬೇಳೆಯ ಡಬ್ಬಿಯನ್ನೋ ಓಟ್ಸನ್ನೋ ತೆಗೆದುಕೊಂಡು, ತಿಂದದ್ದನ್ನು ನೀವೇ ಬರೆದು ಹಣ ಕಟ್ಟಬೇಕು. ಹೊರಡುವ ಮುನ್ನ ನೆಲ ಗುಡಿಸಿ, ಮುಂದೆ ಬರುವವರಿಗೆ ಸೌದೆ ಸೀಳಿಡಬೇಕು. ಮೊದಲ ಸಲ ನಾನು ಎರಡು ಬಿಸ್ಕತ್ತಿನ ಲೆಕ್ಕ ಬರೆಯಲು ಮರೆತು, ಮನೆಗೆ ಬಂದ ಮೇಲೆ ನಾಲ್ಕು ದಿನ ಒದ್ದಾಡಿ ಕೊನೆಗೆ ಕಟ್ಟಿದೆ.

ಸಿಡುಕು_ಮೋರೆ

ಹಣವೂ ಕೊಟ್ಟು ಸೌದೆಯೂ ಸೀಳಬೇಕು. ನನ್ನ ಮೂಲ ಪ್ರಶ್ನೆ ಇನ್ನೂ ಹಾಗೇ ನಿಂತಿದೆ.

ಮಂಡಿ_ನೋವು

ಪ್ರಶ್ನೆ ಕೇಳಿದವರಿಗೆ ಕೆಲಸಕ್ಕೆ ಬರುವ ಮಾತು ಹೇಳೋಣ. ಅರವತ್ತು ದಾಟಿದವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಆದ್ದರಿಂದ ಇಬ್ಬರಿಗೂ ಎರಡೆರಡು ಊರುಗೋಲು ಕೊಡಿ. ಒಂದೇ ಕೋಲು ಸಾಲದು. ರಾತ್ರಿ ಶೌಚಾಲಯಕ್ಕೆ ಹೋಗಲು ತಲೆಗೆ ಕಟ್ಟುವ ದೀಪ ಬೇಕು, ಅದನ್ನು ಕೋಣೆಯೊಳಗೆ ಹಚ್ಚದೆ ಬಾಗಿಲಾಚೆ ಹೋದ ಮೇಲೆ ಹಚ್ಚಬೇಕು, ಇಲ್ಲವಾದರೆ ಇಪ್ಪತ್ತು ಜನರ ಶಾಪ ತಟ್ಟುತ್ತದೆ. ಅಮ್ಮನಿಗೆ ಸೀರೆಯ ಬದಲು ಚೂಡಿದಾರವೋ ಪ್ಯಾಂಟೋ ಇರಲಿ. ನಗದು ಹಣ ಇಟ್ಟುಕೊಳ್ಳಿ, ಸಿಗ್ನಲ್ ಇಲ್ಲದ ಕಡೆ ಕಾರ್ಡ್ ಯಂತ್ರವೂ ಮುನಿಸಿಕೊಳ್ಳುತ್ತದೆ. ಕಿವಿಗೆ ಹತ್ತಿ ಮರೆಯಬೇಡಿ.

ಅಪಾಯ ಒದಗಿದರೆ ಯೂರೋಪಿನಾದ್ಯಂತ 112. ಫೋನು ಸತ್ತಿದ್ದರೆ ಶಿಳ್ಳೆಯಿಂದಲೋ ದೀಪದಿಂದಲೋ ಒಂದು ನಿಮಿಷದಲ್ಲಿ ಆರು ಸಲ ಸಂಕೇತ ಕೊಟ್ಟು, ಒಂದು ನಿಮಿಷ ಬಿಟ್ಟು, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರಿಸುತ್ತಾರೆ. ಇದು ಎಲ್ಲ ಆಲ್ಪ್ಸ್ ದೇಶಗಳಿಗೂ ಒಂದೇ. ಹೊರಡುವ ಮುಂಚೆ ಆಲ್ಪೈನ್ ಸಂಘದ ಸದಸ್ಯತ್ವ ಮಾಡಿಸಿದರೆ ಹಾಸಿಗೆಯ ದರ ಇಳಿಯುತ್ತದೆ, ರಕ್ಷಣಾ ವೆಚ್ಚಕ್ಕೆ ವಿಮೆಯೂ ಸಿಗುತ್ತದೆ. ಅದು 1869ರಲ್ಲಿ ಇದೇ ಮ್ಯೂನಿಕ್‌ನಲ್ಲಿ ಹುಟ್ಟಿದ ಸಂಘ, ಕಚೇರಿಗೆ ನಡೆದೇ ಹೋಗಬಹುದು.

ಬಿಳಿ_ಚಾದರ

ತಿಗಣೆಯ ವಿಷಯ ಯಾರೂ ಎತ್ತಲಿಲ್ಲವಲ್ಲ! ಹ್ಯುಟ್ಟೆಯಿಂದ ಹ್ಯುಟ್ಟೆಗೆ ನಡೆಯುವ ಜನಪ್ರಿಯ ದಾರಿಗಳಲ್ಲಿ ಅವೂ ಬೆನ್ನುಚೀಲದಲ್ಲಿ ಕುಳಿತು ಪ್ರವಾಸ ಮಾಡುತ್ತವೆ. ಕೆಲವು ಕಡೆ ಬಾಗಿಲಲ್ಲೇ ನಿಮ್ಮ ಮಲಗುವ ಚೀಲವನ್ನು ಇಸಿದುಕೊಂಡು ಮೈಕ್ರೋವೇವ್ ಒಲೆಯಲ್ಲಿ ಬಿಸಿ ಮಾಡಿ ಕೊಡುತ್ತಾರೆ. ನಾನು ಅದನ್ನು ಮೊದಲು ಕಂಡಾಗ ಏನೋ ಆತಿಥ್ಯವೆಂದು ತಿಳಿದು ಧನ್ಯವಾದ ಹೇಳಿದ್ದೆ.

ಇಸಾರ್_ದಂಡೆ

ಎಲ್ಲರಿಗೂ ಧನ್ಯವಾದ. ಹೋಗಿ ಬಂದೆವು, ಅದಕ್ಕೇ ಎರಡು ವಾರದ ಬಳಿಕ ಬರೆಯುತ್ತಿದ್ದೇನೆ. @ಗುಡ್ಡದ_ಗಾಳಿ ಹೇಳಿದಂತೆ ಲೆಂಗ್‌ಗ್ರೀಸ್‌ಗೆ, @ಲೆಕ್ಕದ_ಪುಸ್ತಕ ಹೇಳಿದಂತೆ ಬುಧವಾರ.

ಹತ್ತುವಾಗ ಸೋತವನು ನಾನು. ಅಪ್ಪ ಅಮ್ಮ ಒಂದೇ ಹದದಲ್ಲಿ, ಮಾತಾಡದೆ ನಡೆದರು. ನಾನು ನೂರು ಹೆಜ್ಜೆ ಓಡಿ ನೂರು ಹೆಜ್ಜೆ ನಿಲ್ಲುತ್ತಿದ್ದೆ. ಮೂರು ಗಂಟೆ ಎಂದುಕೊಂಡದ್ದು ಎರಡು ಗಂಟೆ ಐವತ್ತು ನಿಮಿಷಕ್ಕೆ ಮುಗಿಯಿತು. ಮೇಲೆ ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಂಡೊಡನೆ ಹಸುಗಳ ಕೊರಳಗಂಟೆ ಕೇಳಿಸಿತು. ಅಪ್ಪ ನಿಂತು, ನೋಡಿ, ‘ಇದು ಕರು ಹಾಕಿ ತಿಂಗಳಾಗಿರಬೇಕು’ ಎಂದು ಒಂದು ಹಸುವನ್ನು ತೋರಿಸಿದರು. ಬೆಟ್ಟದ ನೋಟದ ಬಗ್ಗೆ ಅವರು ಆಡಿದ ಮಾತು ಅಷ್ಟೇ.

ನಾನು ಹೆದರಿದ್ದ ಯಾವುದಕ್ಕೂ ಅವರು ಹೆದರಲಿಲ್ಲ. ಸಾಲು ಹಾಸಿಗೆ ನೋಡಿ ಅಮ್ಮ ಗೋಡೆಯ ಪಕ್ಕ ಚೀಲ ಇಟ್ಟು, ಕಂಬಳಿ ಬಿಡಿಸಿ, ನಾನು ಮೊದಲೇ ಹೇಳಿದ್ದರಿಂದ ಕಾಲಿನ ಕಡೆಯ ತುದಿ ಯಾವುದೆಂದು ಹುಡುಕಿದರು. ಅಕ್ಷರಗಳು ಇರಲಿಲ್ಲ. ಕೈಚೀಲದಿಂದ ಸೇಫ್ಟಿ ಪಿನ್ನು ತೆಗೆದು ತಾವೇ ಒಂದು ತುದಿಗೆ ಗುರುತು ಮಾಡಿಕೊಂಡರು, ಬೆಳಿಗ್ಗೆ ಮರೆಯದೆ ತೆಗೆದರು. ಊಟಕ್ಕೆ ಆಲೂಗಡ್ಡೆ, ಬೆಣ್ಣೆ, ಸಲಾಡ್, ಮೇಲೆ ಚಟ್ನಿಪುಡಿ. ಎದುರಿನ ಬೆಂಚಿನಲ್ಲಿದ್ದ ವಯಸ್ಸಾದ ದಂಪತಿ ಡಬ್ಬಿಯನ್ನೇ ನೋಡುತ್ತಿದ್ದರು. ಅಮ್ಮ ಒಂದು ಮಾತೂ ಆಡದೆ ಅವರ ತಟ್ಟೆಯ ಅಂಚಿಗೆ ಒಂದೊಂದು ಚಮಚ ಹಾಕಿದರು. ಆ ಯಜಮಾನರು ತಿಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಮತ್ತೆ ತಟ್ಟೆ ಮುಂದೆ ಮಾಡಿದರು.

ಗೊರಕೆ ಹೊಡೆದವರು ಯಾರೆಂದು ಬರೆಯುವುದಿಲ್ಲ. ಇತರರ ಕ್ಷಮೆ ನಾನೇ ಕೇಳಬೇಕಾಯಿತು ಎಂದಷ್ಟೇ ಹೇಳುತ್ತೇನೆ. ಸ್ನಾನದ ವಿಷಯದಲ್ಲಿ ಮಾತ್ರ @ಸಿಡುಕು_ಮೋರೆ ಅವರ ಪಕ್ಷಕ್ಕೆ ಒಂದು ಮತ ಇದೆ. ಬೆಳಿಗ್ಗೆ ತಣ್ಣೀರಿನಲ್ಲಿ ಮುಖ ತೊಳೆದು ಹಣೆಗೆ ಇಟ್ಟುಕೊಂಡ ಅಮ್ಮ, ಮನೆಗೆ ಬಂದು ಸ್ನಾನ ಮಾಡುವವರೆಗೆ ಕಾಫಿ ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಲಿಲ್ಲ. ಮಧ್ಯಾಹ್ನ ಎರಡೂವರೆಯಾಗಿತ್ತು. ಇದನ್ನು ನಾನು ಮೊದಲೇ ಊಹಿಸಬೇಕಿತ್ತು.

ಸಿಡುಕು_ಮೋರೆ

ಒಂದು ಮತಕ್ಕೆ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ನೀಲಿ_ಜಮಖಾನ

ಸೇಫ್ಟಿ ಪಿನ್ನಿನ ಉಪಾಯವನ್ನು ಇಂದಿನಿಂದ ನಾನೂ ಪಾಲಿಸುತ್ತೇನೆ. ರೈನ್‌ಟಾಲ್‌ಆಂಗರ್ ಯೋಜನೆ ಏನಾಯಿತು?

ಇಸಾರ್_ದಂಡೆ

ಅದಕ್ಕಿಂತ ಮೊದಲು ಇನ್ನೊಂದು ತೊಂದರೆ ತಲೆದೋರಿದೆ. ಚಟ್ನಿಪುಡಿಯ ಸ್ಟೀಲ್ ಡಬ್ಬಿಯನ್ನು ಅಮ್ಮ ಹ್ಯುಟ್ಟೆಯ ಕಿಟಕಿಯ ಮೇಲೆ ಮರೆತು ಬಂದಿದ್ದಾರೆ. ಮುಚ್ಚಳದ ಮೇಲೆ ಅಜ್ಜಿಯ ಹೆಸರು ಕೊರೆಸಿದೆ, ಅಮ್ಮನ ಮದುವೆಯಲ್ಲಿ ಕೊಟ್ಟ ಪಾತ್ರೆಗಳಲ್ಲಿ ಉಳಿದದ್ದು ಅದೊಂದೇ. ಫೋನು ಮಾಡಿದೆ, ಜೋಪಾನವಾಗಿ ಎತ್ತಿಟ್ಟಿದ್ದಾರಂತೆ. ಅಪ್ಪ ಅಮ್ಮ ಊರಿಗೆ ಹೊರಡುವುದು ಮುಂದಿನ ತಿಂಗಳ ಮೂರಕ್ಕೆ. ಅಷ್ಟರೊಳಗೆ ಆ ಕಡೆ ಯಾರಾದರೂ ಹೋಗುವವರಿದ್ದೀರಾ? ನನಗೆ ರಜೆ ಉಳಿದಿಲ್ಲ.

ಎಡಗಾಲು_ಬೂಟು

ಭಾನುವಾರ ನಾನು ಹೋಗುತ್ತಿದ್ದೇನೆ, ತಂದುಕೊಡುತ್ತೇನೆ. ಖಾಲಿಯಾಗಿದೆಯೋ, ಪುಡಿ ಇನ್ನೂ ಇದೆಯೋ?

ಇಸಾರ್_ದಂಡೆ

ಅರ್ಧದಷ್ಟಿತ್ತು. ಆ ಯಜಮಾನರು ನಮಗಿಂತ ಒಂದು ದಿನ ಹೆಚ್ಚು ಅಲ್ಲಿದ್ದರು, ಆದ್ದರಿಂದ ಖಾತರಿ ಕೊಡಲಾರೆ.